ದೂರ ಸಿಕ್ಕಿತು, ಸಮಯ ಸಿಗ್ತಿಲ್ಲ: ಎರಡು ಏರ್‌ಪೋರ್ಟ್ ನಡುವಿನ ಲೆಕ್ಕ

ಲೆಕ್ಕದಹಾಳೆ:
ಎಲ್ಲರಿಗೂ ನಮಸ್ಕಾರ. ಒಂದು ಎಕ್ಸೆಲ್ ಶೀಟ್ ಮಾಡುತ್ತಾ ಕೂತಿದ್ದೇನೆ. ಎರಡು ಏರ್‌ಪೋರ್ಟ್ ಹೆಸರು ಹಾಕಿದರೆ ಸಾಕು, ದೂರ ಎಷ್ಟು, ಹಾರಲು ಎಷ್ಟು ಹೊತ್ತು ಅಂತ ಅದೇ ಹೇಳಬೇಕು. ದೂರದ ಕೆಲಸ ಮುಗಿಯಿತು. ಅಕ್ಷಾಂಶ, ರೇಖಾಂಶ ಹಾಕಿ ಹ್ಯಾವರ್‌ಸೈನ್ ಸೂತ್ರ ಬರೆದೆ, ಬಂತು. ಸಮಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಪರೀಕ್ಷೆಗೆ ನ್ಯೂಯಾರ್ಕ್‌ನ ಜೆಎಫ್‌ಕೆಯಿಂದ ಲಂಡನ್‌ನ ಹೀಥ್ರೂ ತಗೊಂಡೆ. ನನ್ನ ಶೀಟ್ ಪ್ರಕಾರ 5,540 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಅಂತ ಇಟ್ಟುಕೊಂಡೆ. ಭಾಗಿಸಿದರೆ 6 ಗಂಟೆ 9 ನಿಮಿಷ. ವೇಳಾಪಟ್ಟಿ ನೋಡಿದರೆ ಲಂಡನ್‌ಗೆ ಹೋಗಲು ಹತ್ತಿರ ಹತ್ತಿರ 7 ಗಂಟೆ, ವಾಪಸ್ ಬರಲು 8 ಗಂಟೆ. ದೂರ ಅದೇ, ವಿಮಾನವೂ ಅದೇ. ಮತ್ತೆ ಈ ಒಂದು ಗಂಟೆ ಎಲ್ಲಿಂದ ಬಂತು?

ಇನ್ನೊಂದು ಸಣ್ಣ ತಲೆನೋವು. ಬೇರೊಂದು ಕಡೆ ಇದೇ ದೂರವನ್ನು 5,555 ಕಿ.ಮೀ. ಅಂತ ಹಾಕಿದ್ದಾರೆ. ನನ್ನ 15 ಕಿ.ಮೀ. ಎಲ್ಲಿ ಹೋಯ್ತು?

ಸುಮ್ನೆಓದುಗ:
ಭೂಮಿ ತಿರುಗುತ್ತಲ್ಲ ಸರ್, ಅದಕ್ಕೇ ಇರಬೇಕು. ಒಂದು ಕಡೆ ಹೋಗುವಾಗ ಊರೇ ನಮ್ಮ ಹತ್ತಿರ ಬರುತ್ತೆ, ಇನ್ನೊಂದು ಕಡೆ ದೂರ ಓಡುತ್ತೆ.

ಭೂಗೋಳಪ್ರಿಯ:
@ಸುಮ್ನೆಓದುಗ, ಈ ಉತ್ತರ ಎಲ್ಲರ ಬಾಯಲ್ಲೂ ಬರುತ್ತೆ. ಒಂದು ಸಲ ದಿಕ್ಕು ಹಿಡಿದು ನೋಡಿ. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ನಿಮ್ಮ ಮಾತು ನಿಜವಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಿತ್ತು, ಊರೇ ಎದುರು ಬರುತ್ತಲ್ಲ! ಆಗುತ್ತಿರುವುದು ಉಲ್ಟಾ. ಲಂಡನ್ ಇರುವುದು ಪೂರ್ವಕ್ಕೆ, ಆ ಕಡೆ ಹೋಗುವುದೇ ಬೇಗ.

ಗಾಳಿಯೂ ಭೂಮಿಯ ಜೊತೆಗೇ ಸುತ್ತುತ್ತದೆ. ಓಡುವ ಬಸ್ಸಿನೊಳಗೆ ನೀವು ಮೇಲಕ್ಕೆ ಜಿಗಿದರೆ ಹಿಂದಿನ ಸೀಟಿನ ಮೇಲೆ ಹೋಗಿ ಬೀಳುವುದಿಲ್ಲ, ಅಲ್ವಾ? ಅಷ್ಟೇ.

ಈಗ 15 ಕಿ.ಮೀ. ವಿಷಯ. ಅದನ್ನು ಯಾರೂ ಕದ್ದಿಲ್ಲ. ಹ್ಯಾವರ್‌ಸೈನ್ ಸೂತ್ರ ಭೂಮಿಯನ್ನು ಚೆಂಡಿನ ಹಾಗೆ ಪೂರ್ತಿ ಗುಂಡಗೆ ಅಂದುಕೊಳ್ಳುತ್ತದೆ, ತ್ರಿಜ್ಯ 6,371 ಕಿ.ಮೀ. ಅಂತ. ನಿಜವಾದ ಭೂಮಿ ಸೊಂಟದಲ್ಲಿ ಸ್ವಲ್ಪ ದಪ್ಪ. ಸಮಭಾಜಕದಲ್ಲಿ ತ್ರಿಜ್ಯ 6,378, ಧ್ರುವಗಳ ಕಡೆ 6,357. ಈ ಚಪ್ಪಟೆತನವನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವನ್ನು 1975ರಲ್ಲಿ ವಿನ್ಸೆಂಟಿ ಕೊಟ್ಟರು. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಅಳತೆಯ ಜೊತೆ ಅದನ್ನು ಹಾಕಿದರೆ ನಿಮಗೂ ಸುಮಾರು 5,555 ಬರುತ್ತದೆ. ವ್ಯತ್ಯಾಸ ನೂರಕ್ಕೆ ಕಾಲು ಭಾಗದ ಆಸುಪಾಸು, ವಿಮಾನಕ್ಕೆ ಒಂದು ನಿಮಿಷದ ದಾರಿ. ಅದರ ಚಿಂತೆ ಬಿಡಿ.

ಲೆಕ್ಕದಹಾಳೆ:
ಒಂದು ನಿಮಿಷಕ್ಕೆ ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡೆ. ಇರಲಿ. ಇನ್ನೊಂದು ಅನುಮಾನ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನದ ದಾರಿ ಯಾವಾಗಲೂ ಬಿಲ್ಲಿನ ಹಾಗೆ ಬಾಗಿರುತ್ತೆ. ನೇರ ಹೋದರೆ ಹತ್ತಿರ ಆಗಲ್ವಾ?

ಭೂಗೋಳಪ್ರಿಯ:
ಬಾಗಿರುವುದು ದಾರಿಯಲ್ಲ, ನಕ್ಷೆ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ನ್ಯೂಯಾರ್ಕ್ ಮೇಲೆ ಒಂದು ತುದಿ ಒತ್ತಿ, ಮ್ಯಾಡ್ರಿಡ್ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ಎರಡೂ ಊರು ಹೆಚ್ಚುಕಡಿಮೆ 40 ಡಿಗ್ರಿ ಉತ್ತರದಲ್ಲೇ ಇವೆ. ಆದರೂ ದಾರ ಆ ಅಕ್ಷಾಂಶದ ಗೆರೆ ಬಿಟ್ಟು ಉತ್ತರಕ್ಕೆ ಸರಿದುಕೊಳ್ಳುತ್ತದೆ. ಅದೇ ಹತ್ತಿರದ ದಾರಿ. ಅದಕ್ಕೆ ಗ್ರೇಟ್ ಸರ್ಕಲ್ ಅನ್ನುತ್ತಾರೆ, ಕನ್ನಡದಲ್ಲಿ ಮಹಾವೃತ್ತ. ನಾನು ಲೆಕ್ಕ ಹಾಕಿ ನೋಡಿದೆ. ಅಕ್ಷಾಂಶದ ಗೆರೆ ಹಿಡಿದು ಹೋದರೆ ಸುಮಾರು 5,930 ಕಿ.ಮೀ., ಮಹಾವೃತ್ತದಲ್ಲಿ 5,760. ನಕ್ಷೆಯಲ್ಲಿ ಸುತ್ತು ದಾರಿ ಅಂತ ಕಾಣುವುದೇ 170 ಕಿ.ಮೀ. ಕಡಿಮೆ!

ರಾತ್ರಿಪಾಳಿ:
ತುಂಬಾ ವರ್ಷ ವಿಮಾನಗಳ ಮಾರ್ಗ ಯೋಜನೆಯ ಮೇಜಿನಲ್ಲಿ ಕೆಲಸ ಮಾಡಿದವನು ನಾನು. ಹೆಸರಿನಲ್ಲೇ ಇದೆ, ಹೆಚ್ಚಾಗಿ ರಾತ್ರಿ ಪಾಳಿ. ಹಾಗಾಗಿ ಆ ಒಂದು ಗಂಟೆಯ ವಿಷಯ ನಾನು ಹೇಳುತ್ತೇನೆ.

ಲೆಕ್ಕದಹಾಳೆಯವರೇ, ನೀವು ಹಾಕಿದ 900 ತಪ್ಪಲ್ಲ. ಅದು ಗಾಳಿಯೊಳಗಿನ ವೇಗ. ದೊಡ್ಡ ಜೆಟ್ ಹಾರುವ ಎತ್ತರದಲ್ಲಿ ಹೊರಗೆ ಮೈನಸ್ 56 ಡಿಗ್ರಿ ಆಸುಪಾಸು ಇರುತ್ತದೆ. ಆ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,060 ಕಿ.ಮೀ. ಬೋಯಿಂಗ್ 787 ಮ್ಯಾಕ್ 0.85ರಲ್ಲಿ, ಅಂದರೆ ಶಬ್ದದ ವೇಗದ ನೂರಕ್ಕೆ 85 ಪಾಲಿನಲ್ಲಿ ಹೋಗುತ್ತದೆ, ಅದು 900. ಏರ್‌ಬಸ್ 320 ಮ್ಯಾಕ್ 0.78ರಲ್ಲಿ, ಅಂದರೆ 830. ಆದರೆ ಊರು ತಲುಪಲು ಬೇಕಾಗಿರುವುದು ನೆಲದ ಲೆಕ್ಕದ ವೇಗ. ಗಾಳಿಯೇ ಓಡುತ್ತಿದ್ದರೆ? ಹೊಳೆಯಲ್ಲಿ ದೋಣಿ ಹುಟ್ಟು ಹಾಕುವುದು ಒಂದೇ ಸಮ, ನೀರಿನ ಜೊತೆ ಹೋದರೆ ಬೇಗ, ನೀರಿಗೆ ಎದುರು ಹೋದರೆ ತಡ. ಅದೇ ಕಥೆ.

ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅಂತ ಗಾಳಿಯ ಹೊಳೆ ಇದೆ. ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಗಂಟೆಗೆ 200 ಕಿ.ಮೀ. ಅಂದರೆ ಮಾಮೂಲಿ, ಕೆಲವೊಮ್ಮೆ 300 ದಾಟುತ್ತದೆ. ಸಮಭಾಜಕದ ಕಡೆಯ ಬಿಸಿಗೂ ಧ್ರುವದ ಚಳಿಗೂ ಅಂತರ ಹೆಚ್ಚಾದಷ್ಟು ಇದರ ಜೋರು ಜಾಸ್ತಿ. ಹಾಗಾಗಿ ಚಳಿಗಾಲದಲ್ಲಿ ಹೋಗುವ ಬರುವ ಸಮಯದ ಅಂತರವೂ ಜಾಸ್ತಿ.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ದೊಡ್ಡ ಬಿರುಗಾಳಿ ಎದ್ದಿತ್ತು. ಬ್ರಿಟಿಷ್ ಏರ್‌ವೇಸ್‌ನ ಒಂದು 747 ಇದೇ ನಿಮ್ಮ ಜೆಎಫ್‌ಕೆಯಿಂದ ಹೊರಟು 4 ಗಂಟೆ 56 ನಿಮಿಷದಲ್ಲಿ ಹೀಥ್ರೂ ತಲುಪಿತು. ನೆಲದ ಲೆಕ್ಕದಲ್ಲಿ ವೇಗ 1,300 ಕಿ.ಮೀ. ದಾಟಿತ್ತು. ಶಬ್ದಕ್ಕಿಂತ ಜೋರು ಹೋಯಿತಾ ಅಂತ ಆಗ ಎಲ್ಲರೂ ಕೇಳಿದರು. ಇಲ್ಲ. ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು. ಹೊಳೆ ಜೋರಾಗಿತ್ತು, ಅಷ್ಟೇ.

ಅಂದ ಹಾಗೆ, @ಸುಮ್ನೆಓದುಗ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಈ ಗಾಳಿ ಪೂರ್ವಕ್ಕೆ ತಿರುಗಿಕೊಳ್ಳುವುದು ಭೂಮಿ ತಿರುಗುವುದರಿಂದಲೇ. ಕೊರಿಯೊಲಿಸ್ ಪರಿಣಾಮ ಅಂತಾರಲ್ಲ, ಅದು. ಭೂಮಿ ನೇರವಾಗಿ ವಿಮಾನವನ್ನು ತಡೆಯುವುದಿಲ್ಲ. ಗಾಳಿಯ ಕೈಲಿ ಮಾಡಿಸುತ್ತದೆ.

ಸುಮ್ನೆಓದುಗ:
ಅರ್ಧ ಮಾರ್ಕ್ಸ್ ಸಿಕ್ಕಿತು. ಸಾಕು.

ಅನುಮಾನಜಾಸ್ತಿ:
ಹಾಗಾದರೆ ಹೋಗುವಾಗ ಉಳಿದದ್ದು ಬರುವಾಗ ಕಳೆದು ಸಮ ಆಗುತ್ತೆ. ಎರಡೂ ಸೇರಿಸಿ ಎರಡರಿಂದ ಭಾಗಿಸಿದರೆ ಗಾಳಿಯೇ ಇಲ್ಲದ ಸಮಯ ಬರಬೇಕು. ಶೀಟಿನಲ್ಲಿ ಅಷ್ಟು ಮಾಡಿದರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ?

ರಾತ್ರಿಪಾಳಿ:
ಸಮ ಆಗುವುದಿಲ್ಲ ಸರ್. ಲೆಕ್ಕ ಹಾಕಿ ನೋಡಿ. ದೂರ 3,600 ಕಿ.ಮೀ., ವೇಗ 900 ಇರಲಿ. ಗಾಳಿಯೇ ಇಲ್ಲದಿದ್ದರೆ ಹೋಗಲು 4, ಬರಲು 4, ಒಟ್ಟು 8 ಗಂಟೆ. ಈಗ ಗಂಟೆಗೆ 200ರ ಗಾಳಿ ಬೀಸಲಿ. ಬೆನ್ನಿಗೆ ಗಾಳಿ ಇದ್ದಾಗ 1,100ರ ವೇಗ, 3 ಗಂಟೆ 16 ನಿಮಿಷ. ಎದುರುಗಾಳಿಯಲ್ಲಿ 700ರ ವೇಗ, 5 ಗಂಟೆ 9 ನಿಮಿಷ. ಒಟ್ಟು 8 ಗಂಟೆ 25 ನಿಮಿಷ. ಗಾಳಿ ಕೊಟ್ಟದ್ದು 44 ನಿಮಿಷ, ಕಿತ್ತುಕೊಂಡದ್ದು 69. ಕಾರಣ ಸರಳ. ಎದುರುಗಾಳಿಯಲ್ಲಿ ನಿಧಾನ ಹೋಗುತ್ತೀರಿ, ಹಾಗಾಗಿ ಅದರ ಕೈಯಲ್ಲಿ ಜಾಸ್ತಿ ಹೊತ್ತು ಇರುತ್ತೀರಿ.

ಅನುಮಾನಜಾಸ್ತಿ:
ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. ಒಪ್ಪಿದೆ. ಅಪರೂಪಕ್ಕೆ.

ಎರಡುಬ್ಯಾಗು:
ನೀವೆಲ್ಲ ಆಕಾಶದಲ್ಲೇ ಇದ್ದೀರಿ. ನೆಲದ ಮೇಲೆ ಕಳೆದು ಹೋಗುವ ಹೊತ್ತಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ ಆ ಪಾಠ ಹೇಗೆ ಆಯ್ತು ಅಂತ ಹೇಳುತ್ತೇನೆ.

ಒಂದು ಸಲ ಕನೆಕ್ಟಿಂಗ್ ಫ್ಲೈಟ್ ಇತ್ತು. ನಡುವೆ 70 ನಿಮಿಷ. ಯಾವುದೋ ತಾಣದಲ್ಲಿ ಮೊದಲ ಹಾರಾಟ 2 ಗಂಟೆ 10 ನಿಮಿಷ ಅಂತ ನೋಡಿದ್ದೆ, ಟಿಕೆಟ್‌ನಲ್ಲಿ 2 ಗಂಟೆ 50 ಅಂತ ಇತ್ತು. ನಾನೇ ಜಾಣೆ ಅಂದುಕೊಂಡು, ಇವರು 40 ನಿಮಿಷ ಸುಮ್ನೆ ಜಾಸ್ತಿ ಹಾಕಿದ್ದಾರೆ, ನನಗೆ ಒಟ್ಟು 110 ನಿಮಿಷ ಸಿಗುತ್ತೆ ಅಂತ ಖುಷಿಯಾಗಿದ್ದೆ. ವಿಮಾನ ಹೊರಟ ಮೇಲೆ ರನ್‌ವೇ ಸಾಲಿನಲ್ಲಿ 25 ನಿಮಿಷ ನಿಂತಿತು. ಇಳಿದ ಮೇಲೆ ಗೇಟ್ ಖಾಲಿ ಇಲ್ಲ ಅಂತ ಇನ್ನೊಂದು 20. ಆಮೇಲೆ ಬಸ್ಸು. ನಾನು ಓಡಿ ಓಡಿ ಹೋದಾಗ ಎರಡನೇ ವಿಮಾನ ಕಿಟಕಿಯಾಚೆ ಹಿಂದಕ್ಕೆ ಸರಿಯುತ್ತಿತ್ತು. ನನ್ನ ಬ್ಯಾಗು ಮಾತ್ರ ಅದರೊಳಗೆ ಇದ್ದಿದ್ದರೆ ಏನೋ ಒಂದು ಸಮಾಧಾನ. ಅದೂ ನನ್ನ ಜೊತೆಗೇ ಉಳಿದಿತ್ತು.

ತಾಣದಲ್ಲಿ ಇದ್ದದ್ದು ಗಾಳಿಯಲ್ಲಿ ಇರುವ ಹೊತ್ತು. ಟಿಕೆಟ್‌ನಲ್ಲಿ ಇದ್ದದ್ದು ಗೇಟಿನಿಂದ ಗೇಟಿಗೆ. ಎರಡನ್ನೂ "ಹಾರಾಟದ ಸಮಯ" ಅಂತಲೇ ಕರೆದರೆ ಜನ ಏನು ಮಾಡಬೇಕು?

ರಾತ್ರಿಪಾಳಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ನಿಂತ ವಿಮಾನ ಉರುಳದ ಹಾಗೆ ಚಕ್ರಕ್ಕೆ ಅಡ್ಡ ಕೊಡುವ ತುಂಡು ಇದೆಯಲ್ಲ, ಅದನ್ನು ತೆಗೆದಾಗಿನಿಂದ ಇನ್ನೊಂದು ಊರಲ್ಲಿ ಮತ್ತೆ ಅಡ್ಡ ಕೊಡುವ ತನಕ. ವೇಳಾಪಟ್ಟಿಯಲ್ಲಿ ಇರುವುದು ಇದೇ. ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕದ್ದು ಏರ್ ಟೈಮ್. ಎರಡರ ನಡುವಿನ ಅಂತರ ಚಿಕ್ಕ ನಿಲ್ದಾಣದಲ್ಲಿ 10 ನಿಮಿಷ, ದೊಡ್ಡದರಲ್ಲಿ 30, 40 ಆದರೂ ಆಶ್ಚರ್ಯ ಇಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್‌ನಲ್ಲಿ ಪೋಲ್ಡರ್‌ಬಾನ್ ಅಂತ ಒಂದು ರನ್‌ವೇ ಇದೆ. ಟರ್ಮಿನಲ್‌ನಿಂದ ಎಷ್ಟು ದೂರ ಅಂದರೆ, ಇಳಿದ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟಿ, ಕಾಲು ಗಂಟೆ ನೆಲದ ಮೇಲೇ ಓಡಿ ಗೇಟ್ ಸೇರುತ್ತದೆ. ಹೊಸಬರು ಇನ್ನೊಂದು ಊರಿಗೇ ರಸ್ತೆಯಲ್ಲಿ ಹೋಗುತ್ತಿದ್ದೇವೆ ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಕಂಪನಿಗಳು ವೇಳಾಪಟ್ಟಿಯಲ್ಲಿ ಸ್ವಲ್ಪ ಸಡಿಲ ಇಟ್ಟುಕೊಳ್ಳುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಸರಿಯಾದ ಸಮಯಕ್ಕೆ ತಲುಪಿದಾಗ ಎಲ್ಲರೂ ಪೈಲಟ್ ಜೋರಾಗಿ ಓಡಿಸಿದ ಅನ್ನುತ್ತಾರೆ. ಹೆಚ್ಚಿನ ಸಲ ಪೈಲಟ್ ಏನೂ ಮಾಡಿರುವುದಿಲ್ಲ. ಸಡಿಲ ಖರ್ಚಾಗಿರುತ್ತದೆ, ಅಷ್ಟೇ. ಅಮೆರಿಕದಲ್ಲಿ 15 ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡುಬ್ಯಾಗು:
"ತಲುಪಿದ್ದು" ಅಂದರೆ ಯಾವಾಗ ಅನ್ನುವುದೂ ಜಗಳವೇ. ಯುರೋಪಿನಲ್ಲಿ ಅದು ಕೋರ್ಟ್ ತನಕ ಹೋಯಿತು. ಅಲ್ಲಿ 3 ಗಂಟೆ ಅಥವಾ ಜಾಸ್ತಿ ತಡ ಆದರೆ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. ಒಂದು ವಿಮಾನ 2 ಗಂಟೆ 58 ನಿಮಿಷ ತಡವಾಗಿ ನೆಲ ಮುಟ್ಟಿತು. ಗೇಟಿಗೆ ಬಂದು ನಿಂತಾಗ 3 ಗಂಟೆ 3 ನಿಮಿಷ ಆಗಿತ್ತು. ನೆಲ ಮುಟ್ಟಿದ್ದೇ ತಲುಪಿದ್ದು ಅಂತ ಕಂಪನಿ ವಾದ. 2014ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ಒಂದು ಬಾಗಿಲಾದರೂ ತೆರೆದು, ಜನ ಇಳಿಯಬಹುದು ಅಂತಾದಾಗಲೇ ತಲುಪಿದ್ದು. ನನಗಂತೂ ಇದು ಸರಿ ಅನ್ನಿಸಿತು. ಬಾಗಿಲು ಮುಚ್ಚಿದ ವಿಮಾನದಲ್ಲಿ ಕೂತವಳಿಗೆ ಊರು ಬಂದರೇನು, ಬಿಟ್ಟರೇನು?

ಅಲ್ಲಿ ದೂರಕ್ಕೂ ಬೆಲೆ ಇದೆ. 1,500 ಕಿ.ಮೀ. ತನಕ ಒಂದು ಪರಿಹಾರ, ಅದರಾಚೆ 3,500 ತನಕ ಇನ್ನೊಂದು. ಅಳೆಯುವುದು ಮಹಾವೃತ್ತದಲ್ಲೇ. ನಡುವೆ ಎಲ್ಲಿ ಇಳಿದು ಹತ್ತಿದರೂ, ಹೊರಟ ಊರಿಂದ ಕೊನೆಯ ಊರಿಗೆ ಎಷ್ಟೋ ಅಷ್ಟೇ. ಹಾಗಾಗಿ ನಿಮ್ಮ ಆ 15 ಕಿ.ಮೀ. ಕೂಡ ಗಡಿಯಲ್ಲಿ ಇರುವವನಿಗೆ ದೊಡ್ಡದೇ!

ಲೆಕ್ಕದಹಾಳೆ:
ಸರಿ. ಇಷ್ಟನ್ನೂ ನೋಡಿ ಒಂದು ಸೂತ್ರ ಕಟ್ಟಿದೆ. ದೂರ ಹೇಳುವ ಕೆಲವು ತಾಣಗಳು ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ಅಂತ ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತವೆ. ನಾನೂ ಅದನ್ನೇ ಹಾಕಿ ನೋಡಿದೆ.

ಜೆಎಫ್‌ಕೆ, ಹೀಥ್ರೂ: 7 ಗಂಟೆ 23 ನಿಮಿಷ ಬಂತು. ಹೋಗುವ 7, ಬರುವ 8ರ ಮಧ್ಯೆ ಬಿತ್ತು.
ಸಿಡ್ನಿ, ಪರ್ತ್: ಸುಮಾರು 3,280 ಕಿ.ಮೀ. ನನ್ನ ಶೀಟ್ 4 ಗಂಟೆ 35 ನಿಮಿಷ ಅಂತು. ವೇಳಾಪಟ್ಟಿಯಲ್ಲಿ ಪಶ್ಚಿಮಕ್ಕೆ 5 ಗಂಟೆ, ಪೂರ್ವಕ್ಕೆ 4 ಗಂಟೆ ಹತ್ತಿರ ಹತ್ತಿರ. ಮತ್ತೆ ಮಧ್ಯೆ! ದಕ್ಷಿಣಾರ್ಧದಲ್ಲಿ ಗಾಳಿ ಉಲ್ಟಾ ಇರಬಹುದು ಅಂದುಕೊಂಡಿದ್ದೆ, ಅಲ್ಲೂ ಪಶ್ಚಿಮದಿಂದಲೇ ಬರುತ್ತೆ.

ಗೆದ್ದೆ ಅಂದುಕೊಂಡು ಟೀ ಕುಡಿದು ಬಂದೆ. ಯಾರಾದರೂ ಇದನ್ನು ಕೆಡವಿ ನೋಡೋಣ.

ಕಿಟಕಿಸೀಟು:
ಕೆಡವುವುದು ನನ್ನ ಇಷ್ಟದ ಕೆಲಸ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇಗೆ ಲೋಗನ್‌ಏರ್‌ನ ಚಿಕ್ಕ ವಿಮಾನ ಹೋಗುತ್ತದೆ. ದೂರ 2.7 ಕಿ.ಮೀ. ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ಹಾರಾಟ. ವೇಳಾಪಟ್ಟಿಯಲ್ಲಿ 2 ನಿಮಿಷ. ಗಾಳಿ ಸರಿಯಾಗಿದ್ದಾಗ 53 ಸೆಕೆಂಡಿನಲ್ಲೂ ಮುಗಿಸಿದ್ದಾರೆ. ನಿಮ್ಮ ಶೀಟ್ ಏನು ಹೇಳುತ್ತೆ?

ಲೆಕ್ಕದಹಾಳೆ:
30 ನಿಮಿಷ.

ಕಿಟಕಿಸೀಟು:
ನಡೆದೇ ಹೋಗಬಹುದು, ನಡುವೆ ಸಮುದ್ರ ಇಲ್ಲದಿದ್ದರೆ.

ಲೆಕ್ಕದಹಾಳೆ:
ಇದು ಮೋಸ. ದೊಡ್ಡ ಜೆಟ್ ಹೋಗುವ ಊರು ಕೊಡಿ.

ಭೂಗೋಳಪ್ರಿಯ:
ತಗೊಳ್ಳಿ. ಹೆಲ್ಸಿಂಕಿಯಿಂದ ಟೋಕಿಯೋ. ಮಹಾವೃತ್ತದಲ್ಲಿ ಸುಮಾರು 7,800 ಕಿ.ಮೀ. ನಿಮ್ಮ ಸೂತ್ರದಲ್ಲಿ 10 ಗಂಟೆ 11 ನಿಮಿಷ. 2022ರ ಶುರುವಿನ ತನಕ ಹೆಚ್ಚುಕಡಿಮೆ ಸರಿ ಇತ್ತು, ಟೋಕಿಯೋಗೆ ಒಂಬತ್ತು, ಒಂಬತ್ತೂವರೆ ಗಂಟೆ ಹಿಡಿಯುತ್ತಿತ್ತು. ಆಮೇಲೆ ಯುಕ್ರೇನ್ ಯುದ್ಧ ಶುರುವಾಗಿ, ರಷ್ಯಾದ ಆಕಾಶ ಫಿನ್‌ಲೆಂಡಿನ ವಿಮಾನಗಳಿಗೆ ಮುಚ್ಚಿಹೋಯಿತು. ಫಿನ್‌ಏರ್ ಈಗ ಉತ್ತರ ಧ್ರುವದ ಮೇಲೆ ಸುತ್ತಿ ಹೋಗಬೇಕು, ಇಲ್ಲಾ ದಕ್ಷಿಣದ ಕಡೆಯಿಂದ. ಸುಮಾರು 13 ಗಂಟೆ. ಎರಡೂ ಏರ್‌ಪೋರ್ಟ್ ಒಂದಿಂಚು ಕದಲಿಲ್ಲ. ದೂರವೂ ಅಷ್ಟೇ ಇದೆ, ನಿಮ್ಮ ಶೀಟಿನಲ್ಲಿ. ದಾರಿ ಮಾತ್ರ ಉದ್ದ ಆಯಿತು.

ರಾತ್ರಿಪಾಳಿ:
ಇದೇ ನನಗೆ ಹೇಳಬೇಕಾಗಿದ್ದದ್ದು. ಮಹಾವೃತ್ತ ಅನ್ನುವುದು ಗಣಿತದ ದಾರಿ. ಪೈಲಟ್ ಕೈಗೆ ನಾವು ಕೊಡುತ್ತಿದ್ದದ್ದು ಬೇರೆ. ಯುದ್ಧ ಇರುವ ಜಾಗ ಬಿಡಬೇಕು. ಮಿಲಿಟರಿ ಜಾಗ ಬಿಡಬೇಕು. ಗುಡುಗು ಮೋಡ ಬಿಡಬೇಕು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹೋಗುವ ದಾರಿಗಳು ತೀರಾ ಕಡಿಮೆ, ಯಾಕೆಂದರೆ ಒಳಗಿನ ಗಾಳಿಯ ಒತ್ತಡ ಕೆಟ್ಟರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ತಲೆ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ ಬರುತ್ತದೆ. ಎರಡೇ ಎಂಜಿನ್ ಇರುವ ವಿಮಾನ ಸಮುದ್ರದ ಮೇಲೆ ಹೋಗುವಾಗ, ಒಂದು ಎಂಜಿನ್ ನಿಂತರೆ ಇಂತಿಷ್ಟು ನಿಮಿಷದೊಳಗೆ ಇಳಿಯುವ ಜಾಗ ಸಿಗಬೇಕು ಅನ್ನುವ ನಿಯಮ ಬೇರೆ ಇದೆ.

ಗಾಳಿಗಾಗಿ ಬೇಕೆಂದೇ ಉದ್ದ ದಾರಿ ಹಿಡಿಯುವುದೂ ಉಂಟು. ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಮೇಲಿಂದ ಹೋಗಿ ನೋಡಿದರು. 15,300 ಕಿ.ಮೀ. ಆಯಿತು. ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿದರು, ಮೊದಲಿಗಿಂತ ಎರಡು ಗಂಟೆಯಷ್ಟು ಬೇಗ. ದಾರಿ 1,400 ಕಿ.ಮೀ. ಜಾಸ್ತಿ, ಸಮಯ ಕಡಿಮೆ! ಎದುರುಗಾಳಿ ಬಿಟ್ಟು ಬೆನ್ನಿಗೆ ಗಾಳಿ ಹಾಕಿಕೊಂಡರು.

ಅಟ್ಲಾಂಟಿಕ್ ಮೇಲಿನ ದಾರಿಗಳನ್ನಂತೂ ದಿನಕ್ಕೆ ಎರಡು ಸಲ ಹೊಸದಾಗಿ ಹಾಕುತ್ತಾರೆ. ರಾತ್ರಿ ಪೂರ್ವಕ್ಕೆ ಹೋಗುವವರಿಗೆ ಒಂದು ಗುಂಪು, ಹಗಲು ಪಶ್ಚಿಮಕ್ಕೆ ಬರುವವರಿಗೆ ಇನ್ನೊಂದು. ಕೆನಡಾ ಕಡೆಯ ಗ್ಯಾಂಡರ್, ಈ ಕಡೆಯ ಶ್ಯಾನ್‌ವಿಕ್ ಕೇಂದ್ರಗಳು ಗಾಳಿ ನೋಡಿ ಗೆರೆ ಎಳೆಯುತ್ತವೆ. ನಿನ್ನೆಯ ದಾರಿ ಇಂದು ಇರುವುದಿಲ್ಲ.

ಅನುಮಾನಜಾಸ್ತಿ:
ಒಂದು ಕೇಳಲಾ? ಹತ್ತಿರದ ಊರಿಗೆ ಲೆಕ್ಕ ಯಾಕೆ ಅಷ್ಟು ಕೆಡುತ್ತೆ? ಹೀಥ್ರೂನಿಂದ ಪ್ಯಾರಿಸ್‌ನ ಶಾರ್ಲ್ ದ ಗಾಲ್ 350 ಕಿ.ಮೀ. ಇಲ್ಲ. ಸೂತ್ರದಲ್ಲಿ 56 ನಿಮಿಷ. ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ, ಕೆಲವು ಸಲ ಅದಕ್ಕಿಂತ ಜಾಸ್ತಿ.

ರಾತ್ರಿಪಾಳಿ:
ಅಷ್ಟು ಹತ್ತಿರದಲ್ಲಿ ವಿಮಾನ ಪೂರ್ತಿ ವೇಗಕ್ಕೆ ಬರುವ ಹೊತ್ತಿಗೆ ಇಳಿಯಲು ಶುರು ಮಾಡಬೇಕು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದರೆ ಗಂಟೆಗೆ 463 ಕಿ.ಮೀ. ರನ್‌ವೇ ಯಾವ ದಿಕ್ಕಿಗೆ ಬಳಕೆಯಲ್ಲಿದೆ ಅನ್ನುವುದೂ ಮುಖ್ಯ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿ ಬೇರೆ ಕಡೆ ಇದ್ದರೆ ಊರನ್ನು ದಾಟಿ ಹೋಗಿ ತಿರುಗಿ ಬರಬೇಕು. ಹೀಥ್ರೂಗೆ ಬರುವವರು ಜಾಗ ಸಿಗುವ ತನಕ ನಾಲ್ಕು ಕಡೆ ಸುತ್ತು ಹಾಕುತ್ತಾ ಕಾಯುತ್ತಾರೆ. ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್ ಅಂತ ಆ ಜಾಗಗಳ ಹೆಸರು. ಒಂದೊಂದು ಸುತ್ತೂ ನಾಲ್ಕು ನಿಮಿಷದ ಹತ್ತಿರ. 12,000 ಕಿ.ಮೀ. ಬಂದವನಿಗೆ ಎರಡು ಸುತ್ತು ಲೆಕ್ಕಕ್ಕಿಲ್ಲ. ಪ್ಯಾರಿಸ್‌ನಿಂದ ಬಂದವನಿಗೆ ಪ್ರಯಾಣದ ದೊಡ್ಡ ಪಾಲೇ ಅದು.

ವಿಮಾನ ಯಾವುದು ಅನ್ನುವುದನ್ನೂ ಶೀಟಿನಲ್ಲಿ ಕೇಳಿ. ಎಟಿಆರ್ 72 ಆದರೆ ರೆಕ್ಕೆಗೆ ಪಂಖ ಇರುವಂಥದ್ದು, ಗಂಟೆಗೆ 500 ಕಿ.ಮೀ. ಆಸುಪಾಸು ಮಾತ್ರ.

ಕಿಟಕಿಸೀಟು:
ನಿಧಾನದ ಮಾತು ಬಂದಾಗ ಹಳೆಯದೊಂದು ನೆನಪಾಯಿತು. 1996ರ ಫೆಬ್ರವರಿ 7ರಂದು ಕಾಂಕಾರ್ಡ್ ಇದೇ ನ್ಯೂಯಾರ್ಕ್, ಲಂಡನ್ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು. ಈಗ 7 ಗಂಟೆ. ಎಲ್ಲವೂ ವೇಗವಾಗುತ್ತಿದೆ ಅನ್ನುವ ಕಾಲದಲ್ಲಿ ನಿಧಾನವಾದದ್ದು ಇದೊಂದೇ ಇರಬೇಕು.

ಎರಡುಬ್ಯಾಗು:
ಶೀಟಿನಲ್ಲಿ ಊರಿನ ಹೆಸರು ಹಾಕಿಸಬೇಡಿ. ಏರ್‌ಪೋರ್ಟಿನ ಮೂರಕ್ಷರದ ಕೋಡ್ ಹಾಕಿಸಿ. "ಲಂಡನ್" ಅಂದರೆ ಯಾವುದು? ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತ್‌ಎಂಡ್. ಕೆನಡಾದಲ್ಲೂ ಒಂದು ಲಂಡನ್ ಇದೆ, ಅಲ್ಲೂ ಏರ್‌ಪೋರ್ಟ್ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಎಸ್‌ಜೆಸಿ, ಕೋಸ್ಟ ರಿಕದ್ದು ಎಸ್‌ಜೆಒ. ಒಂದಕ್ಷರದ ವ್ಯತ್ಯಾಸ, ಮಧ್ಯೆ ಸಾವಿರಾರು ಕಿ.ಮೀ. ಸಿಡ್ನಿ ಅಂತ ಆಸ್ಟ್ರೇಲಿಯಾಕ್ಕೆ ಟಿಕೆಟ್ ತೆಗೆಯಲು ಹೋಗಿ ಕೆನಡಾದ ನೋವಾ ಸ್ಕೋಷಿಯಾದ ಸಿಡ್ನಿಗೆ ಹೋಗಿ ಇಳಿದವರು ಒಬ್ಬಿಬ್ಬರಲ್ಲ.

ಊರಿಂದ ಊರಿಗೆ ಅಳೆಯುವ ತಾಣಗಳು ಪೇಟೆಯ ಮಧ್ಯದಿಂದ ಅಳೆಯುತ್ತವೆ. ಟೋಕಿಯೋದ ನರಿಟಾ ಏರ್‌ಪೋರ್ಟ್ ಪೇಟೆಯಿಂದ 60 ಕಿ.ಮೀ. ಆಚೆ ಇದೆ. ಹನೇಡಾ ಹತ್ತಿರ. ನರಿಟಾದಲ್ಲಿ ಇಳಿದು ಹನೇಡಾದಿಂದ ಹತ್ತುವ ಟಿಕೆಟ್ ಅಗ್ಗ ಅಂತ ತೆಗೆದುಕೊಂಡವರನ್ನು ನಾನು ನೋಡಿದ್ದೇನೆ. ಅವರ ಎರಡೂ ಕಣ್ಣಲ್ಲಿ ನೀರು.

ಲೆಕ್ಕದಹಾಳೆ:
ಕೋಡ್ ಹಾಕಿಸಿದೆ. ವಿಮಾನದ ಬಗೆ ಆರಿಸಲು ಒಂದು ಕಾಲಂ ಹಾಕಿದೆ. ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ ಬೇರೆ ಬೇರೆ ಕಾಲಂ ಮಾಡಿದೆ.

ಆಮೇಲೆ ಇನ್ನೊಂದು ಜಾಣತನ ಮಾಡಿದೆ. ಸೂತ್ರವೇ ಬೇಡ, ವೇಳಾಪಟ್ಟಿಯಲ್ಲಿ ತಲುಪುವ ಸಮಯದಿಂದ ಹೊರಡುವ ಸಮಯ ಕಳೆದರೆ ಆಯ್ತಲ್ಲ ಅಂತ. ಟೋಕಿಯೋದಿಂದ ಹೊನೊಲುಲು ಹಾಕಿದೆ. ರಾತ್ರಿ 9ಕ್ಕೆ ಹೊರಟು, ಅದೇ ದಿನ ಬೆಳಗ್ಗೆ 9ಕ್ಕೆ ಇಳಿಯುತ್ತೆ. ಶೀಟ್ ಮೈನಸ್ 12 ಗಂಟೆ ಅಂತಿದೆ. ನಾನು ಮಾಡಿದ್ದು ತಪ್ಪಾ, ಇಲ್ಲಾ ಇದು ಟೈಮ್ ಮಷೀನಾ?

ಭೂಗೋಳಪ್ರಿಯ:
ಅಂತರರಾಷ್ಟ್ರೀಯ ದಿನರೇಖೆ ದಾಟಿದ್ದೀರಿ, ಮತ್ತೇನಿಲ್ಲ. ಯುಟಿಸಿ ಅಂದರೆ ಜಗತ್ತಿನ ಎಲ್ಲ ಗಡಿಯಾರಗಳಿಗೂ ಮೂಲವಾದ ಸಮಯ. ಟೋಕಿಯೋ ಅದಕ್ಕಿಂತ 9 ಗಂಟೆ ಮುಂದೆ, ಹೊನೊಲುಲು 10 ಗಂಟೆ ಹಿಂದೆ. ಅಂತರ 19. ಮೈನಸ್ 12ಕ್ಕೆ 19 ಸೇರಿಸಿ, 7 ಗಂಟೆ. ಸರಿಯಾಗಿದೆ. ಮೊದಲು ಎರಡನ್ನೂ ಯುಟಿಸಿಗೆ ಬದಲಿಸಿ, ಆಮೇಲೆ ಕಳೆಯಿರಿ. ಭಾರತದ ಐದೂವರೆ, ನೇಪಾಳದ ಐದೂ ಮುಕ್ಕಾಲು ಗಂಟೆಯಂಥವೂ ಇವೆ, ಪೂರ್ಣ ಗಂಟೆ ಅಂತ ಅಂದುಕೊಂಡು ಬರೆಯಬೇಡಿ.

ರಾತ್ರಿಪಾಳಿ:
ಇನ್ನೊಂದು ಗುಂಡಿ ಇದೆ. ಅಮೆರಿಕದವರು ಬೇಸಿಗೆಗೆ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ. ಬ್ರಿಟನ್‌ನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್, ಲಂಡನ್ ಅಂತರ 5 ಗಂಟೆ ಅಲ್ಲ, 4. ಆ ವಾರಗಳಲ್ಲಿ ನಮ್ಮ ಮೇಜಿಗೆ ಬರುತ್ತಿದ್ದ ಫೋನುಗಳು ನೆನಪಾದರೆ ಈಗಲೂ ನಗು ಬರುತ್ತದೆ. ನಿಮ್ಮ ಶೀಟ್ ಈ 5 ಅನ್ನುವ ಅಂಕಿಯನ್ನು ಕೈಯಾರೆ ಬರೆದು ಇಟ್ಟುಕೊಂಡಿದ್ದರೆ ಹೀಗೇ ಒಂದು ದಿನ ಕೈಕೊಡುತ್ತದೆ. ದಿನಾಂಕವನ್ನೂ ಕೇಳಬೇಕು.

ಲೆಕ್ಕದಹಾಳೆ:
ಮುಗಿಯಿತು. ಹೀಗೆ ಮಾಡಿದ್ದೇನೆ. ದೂರ ಸೂತ್ರದಿಂದ. ಸಮಯ ಎರಡು ಕಾಲಂ. ಒಂದಕ್ಕೆ "ಅಂದಾಜು" ಅಂತ ಹೆಸರಿಟ್ಟೆ, 805ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದ್ದು. ಇನ್ನೊಂದು ವೇಳಾಪಟ್ಟಿಯಿಂದ ಯುಟಿಸಿಗೆ ಬದಲಿಸಿ ಕಳೆದದ್ದು, ಗೇಟಿಂದ ಗೇಟಿಗೆ. ಎರಡರ ನಡುವೆ ಒಂದು ಗಂಟೆಗಿಂತ ಜಾಸ್ತಿ ಅಂತರ ಬಂದರೆ ಆ ಸಾಲು ಕೆಂಪಾಗುತ್ತೆ. ಹೆಲ್ಸಿಂಕಿ, ಟೋಕಿಯೋ ಕೆಂಪಾಗಿದೆ. ಸಿಂಗಪುರದಿಂದ ಜೆಎಫ್‌ಕೆಗೆ ಅಂದಾಜು ಹತ್ತೊಂಬತ್ತೂವರೆ ಗಂಟೆ, ವೇಳಾಪಟ್ಟಿ ಅದಕ್ಕಿಂತ ಕಡಿಮೆ. ಅಷ್ಟು ದೂರಕ್ಕೆ 805 ನಿಧಾನ ಆಯ್ತು ಅಂತ ಕಾಣುತ್ತೆ.

ಎರಡುಬ್ಯಾಗು:
ಕನೆಕ್ಟಿಂಗ್ ಫ್ಲೈಟ್‌ಗೆ ನಡುವೆ ಕಾಯುವ ಹೊತ್ತಿನ ಕಾಲಂ ಇದೆಯಾ?

ಲೆಕ್ಕದಹಾಳೆ:
ಇದೆ ಮೇಡಂ. 90 ನಿಮಿಷಕ್ಕಿಂತ ಕಡಿಮೆ ಹಾಕಿದರೆ "ಓಡಿ" ಅಂತ ತೋರಿಸುತ್ತೆ. ನಿಮ್ಮದೇ ನೆನಪಲ್ಲಿ.

ಕಿಟಕಿಸೀಟು:
ಪಾಪಾ ವೆಸ್ಟ್ರೇ ಸಾಲು ಅಳಿಸಿಬಿಟ್ಟಿರಾ?

ಲೆಕ್ಕದಹಾಳೆ:
ಇಲ್ಲ. ಮೊದಲ ಸಾಲೇ ಅದು. ಅಂದಾಜು 30, ವೇಳಾಪಟ್ಟಿ 2. ಅಂತರ ಒಂದು ಗಂಟೆಗಿಂತ ಕಡಿಮೆ ಅಂತ ಶೀಟ್ ಅದಕ್ಕೆ ಹಸಿರು ಬಣ್ಣ ಕೊಟ್ಟು ಕೂತಿದೆ.